ಕುರ್ಚಿಯ ಮೇಲೆ ಕಾಲು ಗಂಟೆ

ಹನ್ನೊಂದು ವರ್ಷದ ಅನಸ್ತಾಸಿಯೊ ಊರಸಭೆಯ ಮುಂದೆ ನಿಂತು ಆ ಮಾತು ಕೊಟ್ಟಾಗ ಅವನ ಕಾಲಲ್ಲಿದ್ದದ್ದು ಅಪ್ಪನ ಚಪ್ಪಲಿ. ಅಪ್ಪ ಪ್ರೊಕೋಪಿಯೊ ತೀರಿಕೊಂಡು ಎಂಟು ತಿಂಗಳಾಗಿತ್ತು. ಹುಡುಗನ ಹಿಮ್ಮಡಿಯ ಹಿಂದೆ ಚಪ್ಪಲಿಯಲ್ಲಿ ಇನ್ನೂ ನಾಲ್ಕು ಬೆರಳು ಜಾಗ ಮಿಕ್ಕಿತ್ತು.

ವಹಾಕಾ ಪಟ್ಟಣದ ವಸತಿಶಾಲೆಯಲ್ಲಿ ಹುಡುಗನಿಗೆ ಸೀಟು ಸಿಕ್ಕಿತ್ತು. ಆದರೆ ಸಾನ್ ಬಾರ್ತೊಲೊ ಯಾವೆಲೊ ಎಂಬ ಆ ಬೆಟ್ಟದೂರಿನಿಂದ ಗಂಡಸೊಬ್ಬ, ಎಷ್ಟೇ ಗಿಡ್ಡನಾಗಿರಲಿ, ಹೊರಗೆ ಹೋಗಿ ನೆಲೆಸಬೇಕಾದರೆ ಸಭೆ ಒಪ್ಪಬೇಕು. ಅಲ್ಲಿ ಪ್ರತಿ ಮನೆಯವರೂ ಊರಿನ ಚಾಕರಿ ಮಾಡಬೇಕು, ಸಂಬಳವಿಲ್ಲದೆ, ತಳದ ಮೆಟ್ಟಿಲಿನಿಂದ. ಆ ತಳದ ಮೆಟ್ಟಿಲಿಗೆ ತೋಪಿಲ್ ಎಂದು ಹೆಸರು. ತೋಪಿಲ್ ಆದವನು ಕೈಯಲ್ಲೊಂದು ಕೋಲು ಹಿಡಿದು ಊರ ಚೌಕ ಗುಡಿಸಬೇಕು, ಗಂಟೆ ಹೊಡೆಯಬೇಕು, ಬೀಡಾಡಿ ಹಂದಿ ಹಿಡಿಯಬೇಕು, ಕುಡಿದು ಬಿದ್ದವರನ್ನು ಎತ್ತಿ ನೆರಳಲ್ಲಿ ಕೂರಿಸಬೇಕು. ಹಾಗೆ ಒಂದೊಂದೇ ಮೆಟ್ಟಿಲು ಹತ್ತುತ್ತ ಹೋದವರು ತಲೆ ನರೆತ ಮೇಲೆ, ಮಂಡಿ ಸವೆದ ಮೇಲೆ, ಊರಿನ ಅಧ್ಯಕ್ಷರಾಗುತ್ತಾರೆ. ಮೆಟ್ಟಿಲೇ ಹತ್ತದ ಮನೆಯವರಿಗೆ ನೀರಿನ ಸರದಿ ಇಲ್ಲ, ಸತ್ತರೆ ಸ್ಮಶಾನದಲ್ಲಿ ಜಾಗವೂ ಇಲ್ಲ.

"ಅವರಪ್ಪಂದೇ ಅರ್ಧಕ್ಕೆ ನಿಂತಿದೆ. ಇವನೂ ಹೋದ್ರೆ ಆ ಮನೆ ಪಾಲಿನ ಚಾಕರಿ ಮಾಡೋರು ಯಾರು?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು.

ತಾಯಿ ಹಕೋಬಾ ಮಗನ ಬೆನ್ನಿಗೊಂದು ಗುದ್ದು ಕೊಟ್ಟಳು. "ಹೇಳೋ."

"ನೀವು ಕರೆದ ವರ್ಷ ಬರ್ತೀನಿ," ಎಂದ ಹುಡುಗ. ಇನ್ನೊಂದು ಗುದ್ದು. "ಕೋಲು ಹಿಡೀತೀನಿ. ವರ್ಷ ಪೂರ್ತಿ." ಮೂರನೆಯ ಗುದ್ದು ಸ್ವಲ್ಪ ಜೋರಾಗಿಯೇ ಬಿತ್ತು. "ಒಂದು ದಿನಾನೂ ಕಡಿಮೆ ಇಲ್ಲದೆ!"

ಸಭೆ ಒಪ್ಪಿತು. ಹುಡುಗ ಹೋದ. ಅನಂತರದ ಮೂವತ್ತು ವರ್ಷಗಳಲ್ಲಿ ಅವನು ವಸತಿಶಾಲೆಯ ಗೋಡೆ ಹಾರಿ ಸಿಕ್ಕಿಬಿದ್ದ, ರಾಜಧಾನಿಯಲ್ಲಿ ಓದಿದ, ಹಾಲೆಂಡಿನಲ್ಲಿ ಎರಡು ವರ್ಷ ಸೈಕಲ್ಲಿನಿಂದ ಬಿದ್ದ, ಕೊನೆಗೆ ಕೆನಡಾದ ಗೋಧಿಬಯಲಿನ ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿ ಕೂತ. ನೀರು ಮಣ್ಣಿನೊಳಗೆ ಹೇಗೆ ಇಳಿಯುತ್ತದೆ ಎಂಬುದರ ಮೇಲೆ ನಾನೂರು ಪುಟದ ಗ್ರಂಥ ಬರೆದ. ಅದನ್ನು ಊರಿಗೆ ತಂದು ತೋರಿಸಿದಾಗ ಹಕೋಬಾ ಎರಡೂ ಕೈಯಲ್ಲಿ ತೂಗಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಕೆಳಕ್ಕೇ ತಾನೇ ಇಳಿಯೋದು?"

"ಹೂಂನಮ್ಮ."

"ಸರಿ ಹಾಗಾದ್ರೆ," ಎಂದು ಅವಳು ಅದನ್ನು ರೊಟ್ಟಿಯ ಹಿಟ್ಟು ಮುಚ್ಚಿದ ಬಟ್ಟೆಯ ಮೇಲೆ ಭಾರಕ್ಕಿಟ್ಟಳು.

ಕರೆ ಬಂದದ್ದು ಒಂದು ನವೆಂಬರಿನಲ್ಲಿ. ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಫೋನಿನಲ್ಲಿ ಊರ ಅಧ್ಯಕ್ಷ ದೋನ್ ಫಿದೆನ್ಸಿಯೊನ ದನಿಯ ಹಿಂದೆ ಕೋಳಿ ಕೂಗುತ್ತಿತ್ತು. ಊರಲ್ಲಿ ಅನಸ್ತಾಸಿಯೊ ಎಲ್ಲರಿಗೂ ತಾಚೊ.

"ತಾಚೊ, ನಿನ್ನನ್ನ ತೋಪಿಲ್ ಮಾಡಿದೀವಪ್ಪ. ಜನವರಿ ಒಂದಕ್ಕೆ ಬಂದ್ಬಿಡು."

"ದೋನ್ ಫಿದೆನ್ಸಿಯೊ, ನನಗೀಗ ನಲವತ್ತೊಂದು ವರ್ಷ."

"ಮದುವೆ ಆಗಿದ್ಯಾ?"

"ಇಲ್ಲ."

"ಮತ್ತೆ? ನಮ್ ಪ್ರಕಾರ ನೀನಿನ್ನೂ ಹುಡುಗ. ಪೊರಕೆ ನೀನೇ ತರಬೇಕು, ಮರೀಬೇಡ."

ಬದಲಿಗೆ ಆಳು ಇಡುವುದು ಪಕ್ಕದೂರಿನವರ ಚಾಳಿ. ಯಾವೆಲೊದವರು ಅದರ ಹೆಸರೆತ್ತಿದರೆ ಉಗುಳುತ್ತಾರೆ. ಹಕೋಬಾಗೆ ಆಗಲೇ ಎಪ್ಪತ್ತೈದು. ಅವಳು ಫೋನಿಗೆ ಬಂದು, "ನಿಮ್ಮಪ್ಪನ ಪಕ್ಕದ ಜಾಗ ಹುಲ್ಲು ಬೆಳೆದು ನಿಂತಿದೆ," ಎಂದಷ್ಟೇ ಹೇಳಿ ಇಟ್ಟಳು. ಅನಸ್ತಾಸಿಯೊ ರಜೆ ಅರ್ಜಿ ತುಂಬಲು ಕೂತ.

ಅರ್ಜಿಯಲ್ಲಿ ಕಾಯಿಲೆಗೆ ರಜೆ ಇತ್ತು, ಹೆರಿಗೆಗೆ ಇತ್ತು, ಸಂಶೋಧನೆಗೆ ಇತ್ತು. ಹಂದಿ ಹಿಡಿಯಲು ಇರಲಿಲ್ಲ. ಮೂರು ಕಾಗದ ಹರಿದ ಮೇಲೆ ಅವನು ಬರೆದದ್ದು ಹೀಗೆ: 'ನನ್ನ ಜನರ ಮಹಾಸಭೆಯು ಒಂದು ವರ್ಷದ ಅವಧಿಗೆ ಸಾರ್ವಜನಿಕ ಸುರಕ್ಷೆಯ ಹೊಣೆಯನ್ನು ಸರ್ವಾನುಮತದಿಂದ ನನಗೆ ವಹಿಸಿದೆ.' ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮನುಷ್ಯ ಅತಿ ದೊಡ್ಡ ಪಜೀತಿಗೆ ಬೀಳುವುದು ಇಂಥ ಅಪ್ಪಟ ಸತ್ಯಗಳನ್ನು ಬರೆದಾಗಲೇ.

ಡೀನ್ ಹಾಲ್ವರ್ಸನ್ ಆರೂಕಾಲಡಿ ಎತ್ತರದ, ನಿಧಾನದ ಮನುಷ್ಯ. ಅರ್ಜಿ ಓದಿ ಕುರ್ಚಿಯಿಂದೆದ್ದು ಕೈಕುಲುಕಿದರು.

"ಸರ್ಕಾರದಲ್ಲಿ? ಪೊಲೀಸ್ ಖಾತೆನಾ?"

"ಒಂದು ರೀತಿ," ಎಂದ ಅನಸ್ತಾಸಿಯೊ.

ಈ 'ಒಂದು ರೀತಿ'ಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನದೆಲ್ಲ ಹುಟ್ಟಿದ್ದು ಅದರ ಹೊಟ್ಟೆಯಲ್ಲೇ. ಮಧ್ಯಾಹ್ನದ ಹೊತ್ತಿಗೆ ವಿಭಾಗದಲ್ಲಿ ಅವನು ಅಧಿಕಾರಿಯಾಗಿದ್ದ, ಚಹಾದ ಹೊತ್ತಿಗೆ ಉಪಸಚಿವನಾಗಿದ್ದ. ಶುಕ್ರವಾರ ಎರಡು ದೇಶಗಳ ಬಾವುಟ ಚುಚ್ಚಿದ ಕೇಕು ಬಂದಾಗ ಪೂರ್ಣ ಸಚಿವನಾಗಿದ್ದ. ಹಜಾರ ಒರೆಸುವಾತ ಮೆಲ್ಲಗೆ ಪಕ್ಕಕ್ಕೆ ಕರೆದು, "ಗುಂಡು ತಾಗದ ಕಾರು ಕೊಡ್ತಾರಾ ಸಾರ್?" ಎಂದು ಕೇಳಿದ. ಅನಸ್ತಾಸಿಯೊ ಬಾಯಿ ತೆರೆದ. ಆದರೆ ಬಾಯಲ್ಲಿ ಕೇಕು ಇತ್ತು.

ಜನವರಿ ಒಂದರಂದು ಯಾವೆಲೊದ ಚೌಕದಲ್ಲಿ ಸಚಿವರಿಗೆ ಒಂದು ಕೋಲು, ಒಂದು ಸಿಳ್ಳೆ ಸಿಕ್ಕವು. ಏಳು ಜನ ತೋಪಿಲ್‌ಗಳ ಮುಖ್ಯಸ್ಥೆ ಒತೀಲಿಯಾ ಎಂಬ ಇಪ್ಪತ್ತಾರರ ಹೆಂಗಸು. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅವಳ ದನಿಯಲ್ಲೂ ಅದರ ಖಾರ ಸ್ವಲ್ಪ ಸೇರಿಕೊಂಡಿತ್ತು.

"ಡಾಕ್ಟ್ರೇ, ಪೊರಕೆ ಹಿಡಿಯೋದು ಹಾಗಲ್ಲ. ಅದೇನು ಪೆನ್ನಾ?"

"ಕ್ಷಮಿಸಮ್ಮ."

"ಅಮ್ಮ ಅಲ್ಲ, ಕ್ಯಾಪ್ಟನ್."

ಮೊದಲ ವಾರ ಅವನು ಹಿಡಿದ ಬೀಡಾಡಿ ಹಂದಿ ಬೀಡಾಡಿಯಾಗಿರಲಿಲ್ಲ, ಅಧ್ಯಕ್ಷರದಾಗಿತ್ತು. ಎರಡನೇ ವಾರ ಬೆಳಗಿನ ಗಂಟೆಯನ್ನು ಸಾವಿನ ಗಂಟೆಯ ಧಾಟಿಯಲ್ಲಿ ಹೊಡೆದ. ಊರಿನ ಅರ್ಧ ಜನ ಕಪ್ಪುಬಟ್ಟೆ ಹಾಕಿಕೊಂಡು ಹೂ ಹಿಡಿದು ಬಂದು, ಸತ್ತವರು ಯಾರೂ ಇಲ್ಲವೆಂದು ತಿಳಿದು, ಬೇಸರದಿಂದ ಹಿಂದಿರುಗಿದರು. "ಹೂವು ಕಿತ್ತಾಗಿದೆ. ಯಾರಾದ್ರೂ ಸಾಯ್ರಪ್ಪ," ಎಂದಳು ಪಕ್ಕದ ಮನೆಯ ತೆಯೊಡುಲಾ. ಮಾರ್ಚ್ ಹೊತ್ತಿಗೆ ಕೈ ಹದಕ್ಕೆ ಬಂತು. ಹಂದಿಯ ಹಿಂಗಾಲನ್ನು ಯಾವ ಗಳಿಗೆಯಲ್ಲಿ ಹಿಡಿಯಬೇಕು ಎಂಬುದರಲ್ಲಿ ಅವನಿಗೆ ಸರಿಸಾಟಿ ಯಾರೂ ಉಳಿಯಲಿಲ್ಲ. ಒತೀಲಿಯಾ ಒಮ್ಮೆ, "ಪರವಾಗಿಲ್ಲ," ಎಂದಳು. ಆ ಮಾತಿಗೆ ಅವನು ಹಿಗ್ಗಿದಷ್ಟು ಹಾಲೆಂಡಿನ ಪದವಿಗೂ ಹಿಗ್ಗಿರಲಿಲ್ಲ.

ಆಗ ಬಂತು ಡೀನರ ಕಾಗದ.

ಯಾವೆಲೊದಲ್ಲಿ ಪುರಸಭೆಯ ವಿಳಾಸಕ್ಕೆ ಬಂದ ಕಾಗದವನ್ನು ಚಾವಣಿಯ ಧ್ವನಿವರ್ಧಕದಲ್ಲಿ ಓದುವುದು ಪದ್ಧತಿ. ಕಳೆದುಹೋದ ಕತ್ತೆ, ಮಾರಾಟಕ್ಕಿರುವ ಬಟಾಣಿ, ಮಗಳು ಬರೆದ ಕ್ಷೇಮಸಮಾಚಾರ, ಎಲ್ಲ ಅದರಲ್ಲೇ ಕಣಿವೆಗೆಲ್ಲ ಕೇಳಿಸುತ್ತವೆ. ದೋನ್ ಫಿದೆನ್ಸಿಯೊಗೆ ಮೈಕು ಹಿಡಿಯುವುದೆಂದರೆ ಹಬ್ಬ. ಡೀನರು ಸ್ಪ್ಯಾನಿಷ್ ಅನುವಾದವನ್ನೂ ಲಗತ್ತಿಸಿದ್ದರು. ವಿಶ್ವವಿದ್ಯಾಲಯಗಳು ಅನಾಹುತ ಮಾಡಲು ಹೊರಟರೆ ಅರ್ಧಕ್ಕೆ ನಿಲ್ಲಿಸುವುದಿಲ್ಲ.

"ಸನ್ಮಾನ್ಯ... ಸಚಿವರಾದ... ಡಾಕ್ಟರ್ ಅನಸ್ತಾಸಿಯೊ ಅವರಿಗೆ," ಎಂದು ಬೆಟ್ಟದಿಂದ ಬೆಟ್ಟಕ್ಕೆ ಕೇಳಿಸಿತು. "ಮೇ ತಿಂಗಳ ಎರಡನೆಯ ಶನಿವಾರ... ತಮ್ಮ ಕಚೇರಿಗೆ ಬಂದು... ಗೌರವ ಸಲ್ಲಿಸಲಿದ್ದೇನೆ." ಅಲ್ಲಿಗೆ ಧ್ವನಿವರ್ಧಕ ಕಟಕ್ಕೆಂದು ನಿಂತಿತು.

ಸಚಿವರು ಆಗ ಚೌಕದಲ್ಲಿ ಕತ್ತೆಯ ಲದ್ದಿ ಎತ್ತುತ್ತಿದ್ದರು.

ಸಾಯಂಕಾಲಕ್ಕೆ ಸಭೆ ಸೇರಿತು. ಊರಿಗೆ ಊರೇ ಕೆರಳಿತ್ತು. ಅವರಿಗೆ ನೋವಾದದ್ದು ಸುಳ್ಳಿನಿಂದಲ್ಲ, ಮೆಟ್ಟಿಲಿನಿಂದ.

"ನನ್ನ ಗಂಡ ಇಪ್ಪತ್ತೆಂಟು ವರ್ಷ ಮೆಟ್ಟಿಲು ಹತ್ತಿ ಹತ್ತಿ ಮಂಡಿ ಕಳ್ಕೊಂಡ," ಎಂದಳು ತೆಯೊಡುಲಾ. "ಈ ಮಹಾರಾಯ ಮೂರು ತಿಂಗಳು ಕಸ ಗುಡಿಸಿ ಸಚಿವ! ಏಣಿಗೆ ರೆಕ್ಕೆ ಕಟ್ಟಿದ್ಯಾ ಮಗನೇ?"

"ರಾಜ್ಯ ಸರ್ಕಾರ ನಮ್ಮ ಮೇಲೆ ಕಣ್ಣಿಡೋಕೆ ಇವನನ್ನ ಕಳಿಸಿದೆ," ಎಂದ ಇನ್ನೊಬ್ಬ. "ಅದಕ್ಕೇ ಅಷ್ಟು ಚೆನ್ನಾಗಿ ಗುಡಿಸ್ತಾನೆ. ನನಗೆ ಆವಾಗ್ಲೇ ಅನುಮಾನ ಇತ್ತು."

ಅನಸ್ತಾಸಿಯೊ ಟೋಪಿ ಕೈಯಲ್ಲಿ ಹಿಡಿದು ಎದ್ದ. ಅರ್ಜಿಯ ಕತೆ ಹೇಳಿದ, ಕೇಕಿನ ಕತೆ ಹೇಳಿದ. "ನಾನು ಬರೀ 'ಒಂದು ರೀತಿ' ಅಂದೆ, ಅಷ್ಟೇ. ಅವರು ಬಂದಾಗ ನಿಜ ಹೇಳ್ಬಿಡ್ತೀನಿ."

ದೋನ್ ಫಿದೆನ್ಸಿಯೊ ಕುರ್ಚಿಯಿಂದ ಮುಂದಕ್ಕೆ ಬಾಗಿದ.

"ಅಲ್ಲಪ್ಪ, ಆ ಮನುಷ್ಯ ಎಷ್ಟು ದೂರದಿಂದ ಬರ್ತಾನೆ?"

"ಎರಡು ದಿನದ ದಾರಿ."

"ಎರಡು ದಿನ ಪ್ರಯಾಣ ಮಾಡ್ಕೊಂಡು ನಮ್ಮೂರಿಗೆ ಬಂದ ಅತಿಥಿ. ಬಸ್ಸಿಳಿದ ತಕ್ಷಣ, 'ಅಯ್ಯಾ, ನೀನು ಮೂರ್ಖನಾದೆ' ಅಂತ ಹೇಳೋದಾ? ಆ ಪಾಪದೋನು ತನ್ನೂರಿಗೆ ಹೋಗಿ ಮುಖ ಹೇಗೆ ತೋರಿಸ್ತಾನೆ?"

ಎಲ್ಲರ ಕರುಣೆಯೂ ಒಮ್ಮೆಲೇ ಡೀನರ ಕಡೆ ಹರಿಯಿತು. ಅವರ ತಾಯಿ ಬದುಕಿದ್ದಾರೋ ಎಂದು ತೆಯೊಡುಲಾ ವಿಚಾರಿಸಿದಳು. ಅತಿಥಿಗೆ ಅವಮಾನವಾಗುವುದನ್ನು ಯಾವೆಲೊ ಇದುವರೆಗೆ ಕಂಡಿರಲಿಲ್ಲ. ಇನ್ನು ಕಾಣುವುದೂ ಬೇಡವೆಂದು ತೀರ್ಮಾನವಾಯಿತು. ಆ ಶನಿವಾರ ಅಧ್ಯಕ್ಷರ ಕುರ್ಚಿಯಲ್ಲಿ ಅನಸ್ತಾಸಿಯೊ ಕೂರುವುದು, ಅತಿಥಿ ಉಂಡು ಹೋಗುವವರೆಗೆ.

"ಆವತ್ತು ಚೌಕ ಯಾರು ಗುಡಿಸ್ತಾರೆ?" ಎಂದಳು ಒತೀಲಿಯಾ.

"ನಾನು!" ಎಂದ ಫಿದೆನ್ಸಿಯೊ. ಅವನು ತೋಪಿಲ್ ಕೋಲು ಹಿಡಿದು ಮೂವತ್ತೆಂಟು ವರ್ಷವಾಗಿತ್ತು. ಕಣ್ಣು ಹೊಳೆಯುತ್ತಿತ್ತು.

ಅನಸ್ತಾಸಿಯೊ ತಾಯಿಯ ಕಡೆ ನೋಡಿದ. ಹಕೋಬಾ ಸಭೆಯ ಮೂಲೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಆ ಮನುಷ್ಯ ಸಿಹಿ ರೊಟ್ಟಿ ತಿಂತಾನಾ?"

ಶನಿವಾರ ಡೀನ್ ಹಾಲ್ವರ್ಸನ್ ಬಾಡಿಗೆ ಕಾರಿನಿಂದ ಸೂಟು ಬೂಟಿನಲ್ಲಿ ಇಳಿದರು. ಬಾಗಿಲಲ್ಲಿ ದೋನ್ ಫಿದೆನ್ಸಿಯೊ ಕೋಲು ಹಿಡಿದು, ಯಾವ ತೋಪಿಲ್ಲೂ ಯಾವತ್ತೂ ಬಾಗದಷ್ಟು ಬಾಗಿ, "ಅಪ್ಪಣೆಯಾಗಲಿ!" ಎಂದು ಕೂಗಿದ. ಒಳಗೆ, ತೂತುಬಿದ್ದ ಚರ್ಮದ ಕುರ್ಚಿಯ ಮೇಲೆ, ಎದೆಗೆ ಅಧ್ಯಕ್ಷರ ಪಟ್ಟಿ ಸುತ್ತಿಕೊಂಡು ಸಚಿವರು ಕೂತಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು, ಕೆಳಕ್ಕೇ.

ಡೀನರು ಸುತ್ತ ನೋಡಿದರು. "ಬಹಳ ಸರಳ ಕಚೇರಿ. ಮೆಚ್ಚಿದೆ. ನಿಮ್ಮ ಇಲಾಖೆಯಲ್ಲಿ ಎಷ್ಟು ಜನ ಇದಾರೆ?"

"ಏಳು."

"ಏಳು ಸಾವಿರ?"

"ಏಳು."

ಡೀನರು ಇದನ್ನು ವಿನಯವೆಂದುಕೊಂಡರು. "ಈ ವರ್ಷ ನಿಮಗೆ ಅತಿ ದೊಡ್ಡ ಸವಾಲು ಯಾವುದು?"

"ಹಂದಿ," ಎಂದ ಅನಸ್ತಾಸಿಯೊ. ಬೇರೆ ಏನೂ ಹೊಳೆಯಲಿಲ್ಲ.

ಡೀನರ ಮುಖ ಗಂಭೀರವಾಯಿತು. ಕುರ್ಚಿ ಮುಂದಕ್ಕೆಳೆದು ದನಿ ತಗ್ಗಿಸಿದರು. "ಅರ್ಥವಾಯ್ತು. ಇಲ್ಲಿ ಹೆಸರು ಹೇಳೋದು ಬೇಡ. ಬಹಳ ಬಲಾಢ್ಯರು ಅಲ್ವಾ?"

"ಒಂದೊಂದು ತೊಂಬತ್ತು ಕಿಲೋ ಬರುತ್ತೆ."

ಅದೇ ಹೊತ್ತಿಗೆ ತೊಂಬತ್ತು ಕಿಲೋದ್ದೊಂದು ಚೌಕಕ್ಕೆ ನುಗ್ಗಿತು. ಅತಿಥಿಗೆಂದು ಹಕೋಬಾ ಜೋಡಿಸಿಟ್ಟಿದ್ದ ಸಿಹಿ ರೊಟ್ಟಿಯ ಮೇಜಿನತ್ತ ಅದರ ಗುರಿ. ಫಿದೆನ್ಸಿಯೊ ಸಿಳ್ಳೆ ಹೊಡೆದು ಶೂರನಂತೆ ಅಡ್ಡ ಬಂದ. ಅರವತ್ತೆರಡು ವರ್ಷದ ಶೂರ ಮರುಗಳಿಗೆಯಲ್ಲಿ ಬಟಾಣಿ ಬುಟ್ಟಿಯೊಳಗೆ ಕೂತಿದ್ದ. "ಹಿಂಗಾಲು! ಹಿಂಗಾಲು!" ಎಂದು ಒತೀಲಿಯಾ ಕಿರುಚಿದಳು. "ದೇವರೇ, ರೊಟ್ಟಿ!" ಎಂದಳು ತೆಯೊಡುಲಾ.

ಅನಸ್ತಾಸಿಯೊ ಯೋಚಿಸಲಿಲ್ಲ. ಕುರ್ಚಿಯಿಂದ ಹಾರಿ, ಕಿಟಕಿಯ ಮೂಲಕವೇ ಹೊರಗೆ ಬಿದ್ದು, ಎದೆಯ ಪಟ್ಟಿ ಬಾಲದಂತೆ ಹಾರಾಡುತ್ತಿರಲು ಚೌಕ ದಾಟಿ, ಹಂದಿ ಮೇಜಿನ ಕಾಲಿಗೆ ಮೂತಿ ತಾಗಿಸುವ ಗಳಿಗೆಯಲ್ಲಿ ಅದರ ಎಡ ಹಿಂಗಾಲು ಹಿಡಿದು ಮಗುಚಿದ. ಊರು ಚಪ್ಪಾಳೆ ತಟ್ಟಿತು. ಅನಂತರ ಅತಿಥಿಯ ನೆನಪಾಗಿ ನಿಲ್ಲಿಸಿತು.

ಡೀನರು ಬಾಗಿಲಲ್ಲಿ ನಿಂತಿದ್ದರು. "ನೀವು ಸಚಿವರಲ್ಲ."

"ಅಲ್ಲ," ಎಂದ ಅನಸ್ತಾಸಿಯೊ, ಹಂದಿಯ ಮೇಲೆ ಕೂತೇ.

"ಮತ್ತೆ?"

"ಕಸ ಗುಡಿಸೋನು. ಗಂಟೆ ಹೊಡೆಯೋನು. ಇದನ್ನ ಹಿಡಿಯೋನು. ಹನ್ನೊಂದು ವರ್ಷದೋನಿದ್ದಾಗ ಮಾತು ಕೊಟ್ಟಿದ್ದೆ."

"ಅರ್ಜಿಯಲ್ಲಿ ಇದನ್ನೇ ಬರೆದಿದ್ರೆ ನಾನು ರಜೆ ಕೊಡ್ತಿರಲಿಲ್ಲ."

"ಗೊತ್ತು."

ಡೀನರು ಇನ್ನೇನೋ ಹೇಳಲು ಬಾಯಿ ತೆರೆದಾಗ ಒತೀಲಿಯಾ ಎದುರಿಗೆ ಬಂದು ನಿಂತಳು. ಅವಳ ಮಾತನ್ನು ಅನಸ್ತಾಸಿಯೊ ಕೆಳಗಿನಿಂದಲೇ ಅನುವಾದಿಸಿದ. "ಇವತ್ತು ಶಾಲೆ ಗೋಡೆಗೆ ಕಲ್ಲು ಹೊರೋ ಶನಿವಾರ. ಊರಲ್ಲಿರೋರೆಲ್ಲ ಹೊರಬೇಕು. ನೀವು ಊರಲ್ಲಿದೀರಿ ಅಂತಾರೆ, ಸಾರ್."

ಡೀನ್ ಹಾಲ್ವರ್ಸನ್ ಕೋಟು ಬಿಚ್ಚಿ ಸರಿಯಾಗಿ ಮಡಿಸಿ ಅಧ್ಯಕ್ಷರ ಕುರ್ಚಿಯ ಮೇಲಿಟ್ಟರು. ಸಂಜೆಯವರೆಗೆ ಮೂವತ್ತೊಂದು ಕಲ್ಲು ಹೊತ್ತರು. ಊರವರು ಎಣಿಸಿದರು, ಇಂದಿಗೂ ಹೇಳುತ್ತಾರೆ. ಹೊರಡುವಾಗ ಕೈ ತೊಳೆದುಕೊಳ್ಳುತ್ತ ಅವರು ಅಂದದ್ದು ಇಷ್ಟು: "ಜನವರಿ ಮೂರು, ಬೆಳಗ್ಗೆ ಎಂಟೂವರೆ, ನಿಮ್ಮ ಮೊದಲ ಪಾಠ. ಒಂದು ದಿನ ತಡ ಆದ್ರೂ ವಿಷಯ ಸಮಿತಿಗೆ ಹೋಗುತ್ತೆ. ಆಮೇಲೆ ನನ್ನ ಕೈಯಲ್ಲಿರಲ್ಲ."

"ಮೂವತ್ತೊಂದಕ್ಕೆ ಕೋಲು ಒಪ್ಪಿಸ್ತೀನಿ. ಒಂದರ ಬೆಳಗ್ಗಿನ ಬಸ್ಸು ಹತ್ತಿದ್ರೆ ಸರಿಹೋಗುತ್ತೆ."

ಉಳಿದ ತಿಂಗಳುಗಳು ಗುಡಿಸುತ್ತ ಕಳೆದವು. ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ ಚೌಕದಲ್ಲಿ ಊರೆಲ್ಲ ಸೇರಿತು. ಏಳು ಕೋಲುಗಳನ್ನು ಮೇಜಿನ ಮೇಲಿಡುವ ಮೊದಲು ಅಧ್ಯಕ್ಷರು ಒಬ್ಬೊಬ್ಬರ ಹೆಸರು ಹಿಡಿದು ಕೇಳಬೇಕು, ಮುಖ್ಯಸ್ಥರು ಉತ್ತರಿಸಬೇಕು, ಅದು ಕ್ರಮ.

"ಅನಸ್ತಾಸಿಯೊ. ವರ್ಷ ತುಂಬಿತೇ?"

ಒತೀಲಿಯಾ ಅವನ ಕಡೆ ನೋಡಿದಳು. ಕಟ್ಟಿಟ್ಟ ಪೆಟ್ಟಿಗೆ ಕಂಬಕ್ಕೊರಗಿತ್ತು. ಅವಳು ತುಸು ತಡೆದು, "ತುಂಬಿತು," ಎಂದಳು.

"ಇಲ್ಲ," ಎಂದಿತು ಹಿಂದಿನಿಂದ ಒಂದು ದನಿ.

ಎಲ್ಲರೂ ತಿರುಗಿದರು. ಹಕೋಬಾ ರೊಟ್ಟಿಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. "ಮೇ ತಿಂಗಳಲ್ಲಿ ಒಂದು ಶನಿವಾರ ಕುರ್ಚಿ ಮೇಲೆ ಕೂತಿದ್ದ. ಆವತ್ತು ಕೋಲು ಇವನ ಕೈಯಲ್ಲಿರಲಿಲ್ಲ."

"ಅಯ್ಯೋ ದೋನ್ಯಾ ಹಕೋಬಾ, ಅದು ಕಾಲು ಗಂಟೆ!" ಎಂದ ಫಿದೆನ್ಸಿಯೊ. "ಆಮೇಲೆ ಹಂದಿ ಹಿಡಿದ್ನಲ್ಲ!"

"ಹಿಡಿದ. ಕೋಲಿಲ್ಲದೆ."

ತೆಯೊಡುಲಾ ಅವಳ ಶಾಲು ಜಗ್ಗಿದಳು. "ಬಾಯ್ಮುಚ್ಚೇ ಮಾರಾಯ್ತಿ! ವರ್ಷ ತುಂಬಿಲ್ಲ ಅಂದ್ರೆ ನಿನ್ನ ಜಾಗಾನೇ ಹೋಗುತ್ತೆ, ಗೊತ್ತಾ?"

"ಗೊತ್ತು. ಅಲ್ಲಿ ಪ್ರೊಕೋಪಿಯೊ ಪಕ್ಕ ಮಲಗಬೇಕಾದೋಳು ನಾನು, ನೀನಲ್ಲ. ಪೂರ್ತಿ ಮಾಡಿದ್ನಾ ಅಂತ ಅವನು ಕೇಳ್ತಾನೆ. ಒಂದು ದಿನ ಕಡಿಮೆ ಇಟ್ಕೊಂಡು ಎಷ್ಟು ಕಾಲ ಸುಳ್ಳು ಹೇಳ್ಕೊಂಡು ಮಲಗಿರ್ಲಿ?"

ಮೇಜಿನ ಮೇಲೆ ಆರು ಕೋಲುಗಳಿದ್ದವು. ಏಳನೆಯದನ್ನು ಮುಂದಕ್ಕೆ ಚಾಚಿದ್ದ ಅನಸ್ತಾಸಿಯೊ ಕೈ ಹಿಂದಕ್ಕೆಳೆದುಕೊಂಡ. ಪೆಟ್ಟಿಗೆಯನ್ನು ಎತ್ತಿ ಒಳಗಿಟ್ಟು ಬಂದ. ಊರಿನಲ್ಲಿ ಮೊಬೈಲಿನ ತರಂಗ ಸಿಗುವ ಒಂದೇ ಜಾಗ ಗಂಟೆಗೋಪುರ. ಅಲ್ಲಿ ಹತ್ತಿ ಡೀನರಿಗೆ ಬರೆದ: 'ಒಂದು ದಿನ ಬಾಕಿ ಉಳಿದಿದೆ. ಮೂರಕ್ಕಲ್ಲ, ನಾಲ್ಕಕ್ಕೆ ಬರುತ್ತೇನೆ. ಸಮಿತಿಗೆ ತಿಳಿಸಬಹುದು.'

ಅರ್ಧ ಗಂಟೆಯ ಮೇಲೆ ಉತ್ತರ ಬಂತು: 'ಮೊದಲ ಪಾಠ ನಾನೇ ಮಾಡುತ್ತೇನೆ. ನೀರು ಕೆಳಕ್ಕೇ ಇಳಿಯುತ್ತದೆ ತಾನೇ?'

ಮರುದಿನ ಬೆಳಗ್ಗೆ ಚೌಕದ ತುಂಬ ಪಟಾಕಿಯ ಕಾಗದ ಹರಡಿತ್ತು. ಹೊಸ ಅಧ್ಯಕ್ಷ ಬಂದಾಗಿತ್ತು, ಹೊಸ ತೋಪಿಲ್‌ಗಳು ಕೋಲು ಹಿಡಿದು ಸಾಲಾಗಿ ನಿಂತಿದ್ದರು. ಅವರ ಮಧ್ಯೆ ಹಳೆಯ ಕೋಲಿನ ಒಬ್ಬನೇ ಮನುಷ್ಯ ಬಗ್ಗಿ ಗುಡಿಸುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಪೊರಕೆಯ ಸದ್ದು ಕೇಳಿಸಿತು. ಮಾಜಿ ಅಧ್ಯಕ್ಷ ಫಿದೆನ್ಸಿಯೊ.

"ನೀವ್ಯಾಕೆ ದೋನ್ ಫಿದೆನ್ಸಿಯೊ?"

"ಆ ಕಾಲು ಗಂಟೆ ನಾನೂ ಕುರ್ಚಿ ಬಿಟ್ಟಿದ್ನಲ್ಲಪ್ಪ. ನೀನು ಆ ಕಡೆ ಗುಡಿಸು."

ಸಂಜೆ ಆರಕ್ಕೆ ಅನಸ್ತಾಸಿಯೊ ಗಂಟೆ ಹೊಡೆದ, ಸರಿಯಾದ ಧಾಟಿಯಲ್ಲಿ. ಕೋಲನ್ನು ಮೇಜಿನ ಮೇಲಿಟ್ಟ. ವರ್ಷ ತುಂಬಿತೇ ಎಂದು ಹೊಸ ಅಧ್ಯಕ್ಷ ಕೇಳಿದ. ಒತೀಲಿಯಾ ಬಾಯಿ ತೆರೆಯದೆ ಹಕೋಬಾಳ ಕಡೆ ನೋಡಿದಳು. ಹಕೋಬಾ ತಲೆಯಾಡಿಸಿದಳು.

ಹನ್ನೊಂದನೇ ವಯಸ್ಸಿನಲ್ಲಿ ಕೊಟ್ಟ ಮಾತು ನಡೆಯಿತು. ಒಂದು ದಿನವೂ ಕಡಿಮೆಯಾಗಲಿಲ್ಲ.